ಅಲನ್ ಹೋಲ್ಡ್ಸ್‌ವರ್ತ್: ಗಿಟಾರಿಸ್ಟ್‌ಗಳೆಲ್ಲ ಕೈ ಮುಗಿಯೋ ಮನುಷ್ಯನ ಸುತ್ತ ಇಷ್ಟೊಂದು ಜಗಳ ಯಾಕೆ

ಜಾಝ್ ಫ್ಯೂಷನ್, ಅಂದ್ರೆ ಜಾಝ್ ಮತ್ತೆ ರಾಕ್ ಬೆರೆಸಿದ ಸಂಗೀತ, ಕೇಳೋರು ನಾಲ್ಕು ಜನ ಸೇರಿದ್ರೆ ಅಲನ್ ಹೋಲ್ಡ್ಸ್‌ವರ್ತ್ ಹೆಸರು ಬಂದೇ ಬರತ್ತೆ, ಬಂದ ಮೇಲೆ ಮಾತು ಜಗಳಕ್ಕೆ ತಿರುಗೋಕೆ ಜಾಸ್ತಿ ಹೊತ್ತು ಬೇಕಾಗಲ್ಲ. ಇವರನ್ನ ಮೀರಿಸೋ ಗಿಟಾರಿಸ್ಟ್ ಹುಟ್ಟೇ ಇಲ್ಲ ಅಂತ ಒಬ್ರು, ಬರೀ ಸ್ಪೀಡು ಸ್ವಾಮಿ ಅದ್ರಲ್ಲಿ ಜೀವ ಎಲ್ಲಿದೆ ಅಂತ ಇನ್ನೊಬ್ರು, 1986ರ ನಂತರದ್ದು ನಾನು ಮುಟ್ಟೋದೇ ಇಲ್ಲ ಅಂತ ಮತ್ತೊಬ್ರು, ರೆಕಾರ್ಡ್ ಕಂಪನಿಗಳೇ ಅವರನ್ನ ಮುಳುಗಿಸಿದ್ದು ಅಂತ ಮಗದೊಬ್ರು. ಹೊಸದಾಗಿ ಕೇಳೋಕೆ ಶುರು ಮಾಡಿದವರಿಗೆ ಇದರ ತಲೆಬುಡ ಅರ್ಥ ಆಗಲ್ಲ, ಯಾಕಂದ್ರೆ ಪ್ರತಿ ಜಗಳದ ಹಿಂದೆನೂ ನಲವತ್ತು ಐವತ್ತು ವರ್ಷದ ಕತೆ ಇದೆ. ಅದನ್ನ ಒಂದ್ಸಲ ಮೊದಲಿಂದ ಬಿಡಿಸಿ ನೋಡೋಣ.

ಹೋಲ್ಡ್ಸ್‌ವರ್ತ್ ಹುಟ್ಟಿದ್ದು 1946ರ ಆಗಸ್ಟ್ 6ಕ್ಕೆ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಬ್ರಾಡ್‌ಫರ್ಡ್‌ನಲ್ಲಿ. ಬೆಳೆಸಿದ್ದು ಅಜ್ಜ ಅಜ್ಜಿ, ಅಜ್ಜ ಸ್ಯಾಮ್ ಒಳ್ಳೆ ಪಿಯಾನೋ ವಾದಕ. ಹುಡುಗನಿಗೆ ಬೇಕಾಗಿದ್ದು ಸ್ಯಾಕ್ಸೋಫೋನ್, ಕೈಗೆ ಸಿಕ್ಕಿದ್ದು ಗಿಟಾರ್. ಜಾಝ್ ದಿಗ್ಗಜ ಜಾನ್ ಕೋಲ್ಟ್ರೇನ್ ಅವರ ಸ್ಯಾಕ್ಸೋಫೋನು, ಫ್ರಾನ್ಸಿನ ಸಂಗೀತ ರಚನೆಕಾರರಾದ ಡೆಬ್ಯುಸಿ ಮತ್ತೆ ರವೆಲ್ ಅವರ ಸ್ವರಬಣ್ಣಗಳು, ಇವೇ ಅವರ ತಲೆ ತುಂಬಾ ಇದ್ದದ್ದು. ಈ ಒಂದು ವಿಷಯ ನೆನಪಲ್ಲಿ ಇಟ್ಕೊಂಡ್ರೆ ಮುಂದಿನ ಅರ್ಧ ಜಗಳ ಹಾಗೇ ಕರಗಿಹೋಗತ್ತೆ ಅನ್ನೋದು ನನ್ನ ಲೆಕ್ಕ. ಗಿಟಾರ್ ಅವರಿಗೆ ಗುರಿ ಆಗಿರ್ಲಿಲ್ಲ, ಇನ್ಯಾವ್ದೋ ನಾದ ಮುಟ್ಟೋಕೆ ಇದ್ದ ದಾರಿ ಆಗಿತ್ತು. ಅಭಿಮಾನಿಗಳು ಬಿದ್ದದ್ದು ಮಾತ್ರ ಗಿಟಾರಿನ ಮೇಲೆ.

ಆ ಕೈಯಲ್ಲಿ ಅಂಥದ್ದೇನಿತ್ತು ಅನ್ನೋದನ್ನ ಸ್ವಲ್ಪ ಹತ್ತಿರದಿಂದ ನೋಡ್ಬೇಕು. ಸಾಮಾನ್ಯವಾಗಿ ಎಲೆಕ್ಟ್ರಿಕ್ ಗಿಟಾರಲ್ಲಿ ಬಲಗೈಯ ಪಿಕ್ ತಂತಿಗೆ ಹೊಡೆದಾಗ ಪ್ರತಿ ಸ್ವರದ ಮುಂದೆ ಒಂದು ಟಕ್ ಅನ್ನೋ ಸದ್ದು ಇರತ್ತೆ. ಸ್ಯಾಕ್ಸೋಫೋನ್‌ಗೆ ಅದಿಲ್ಲ, ಒಂದು ಉಸಿರಲ್ಲಿ ಸ್ವರಗಳು ಹರಿದುಹೋಗ್ತವೆ. ಹೋಲ್ಡ್ಸ್‌ವರ್ತ್ ಏನು ಮಾಡಿದ್ರು ಅಂದ್ರೆ ಪಿಕ್ ಕೆಲಸ ಆದಷ್ಟು ಕಮ್ಮಿ ಮಾಡಿ ಎಡಗೈ ಬೆರಳುಗಳಿಂದಲೇ ತಂತಿ ಮೇಲೆ ಬಡಿದು ಸ್ವರ ಹುಟ್ಟಿಸಿದ್ರು, ಇದಕ್ಕೆ ಲೆಗಾಟೋ ಅಂತಾರೆ, ಇದನ್ನ ತುಂಬಾ ಜನ ಮಾಡ್ತಾರೆ, ಆದ್ರೆ ಇಳಿಯುವಾಗ ಎಲ್ಲರೂ ಬೆರಳಿಂದ ತಂತಿಯನ್ನ ಪಕ್ಕಕ್ಕೆ ಮೀಟಿ ಬಿಡ್ತಾರೆ, ಆಗ ಒಂದು ಥರ ಮಿಯಾಂವ್ ಅಂದಂಗೆ ಸ್ವರ ಕೊಂಕತ್ತೆ, ಅದು ಅವರಿಗೆ ಹಿಡಿಸ್ತಿರ್ಲಿಲ್ಲ. ಹಾಗಾಗಿ ಇಳಿಯುವಾಗಲೂ ಮೇಲಿಂದ ಬೆರಳು ಬಡಿಯೋದನ್ನೇ ರೂಢಿ ಮಾಡ್ಕೊಂಡ್ರು. ಉದ್ದ ಬೆರಳು ಬೇರೆ, ಒಂದೇ ತಂತಿ ಮೇಲೆ ನಾಲ್ಕು ಸ್ವರ ಚಾಚಿ ಹಿಡಿಯೋರು. ಇದೆಲ್ಲ ಸೇರಿ ಯಾವ ಸ್ವರ ಹೊಡೆದದ್ದು ಯಾವುದು ಬಡಿದದ್ದು ಅಂತ ಗೊತ್ತೇ ಆಗದಂಗೆ ಒಂದು ನುಣುಪು ಬಂತು.

ಸ್ವರಗಳ ಆಯ್ಕೆನೂ ಅಷ್ಟೇ. ಶಾಲೆಲಿ ಹೇಳ್ಕೊಡೋ ಸ್ಕೇಲುಗಳನ್ನ, ಅಂದ್ರೆ ಸ್ವರಶ್ರೇಣಿಗಳನ್ನ, ಹಾಗೇ ತಗೊಳ್ದೆ, ಐದು ಸ್ವರದ್ದು, ಆರು ಸ್ವರದ್ದು, ಏಳು, ಎಂಟು, ಹೀಗೆ ಎಷ್ಟು ಜೋಡಣೆ ಸಾಧ್ಯ ಅಂತ ಗಣಿತ ಹಾಕಿ ಬರ್ಕೊಂಡ್ರು, ನಾಲ್ಕಕ್ಕಿಂತ ಜಾಸ್ತಿ ಅರ್ಧಸ್ವರ ಒಟ್ಟಿಗೆ ಸಾಲಾಗಿ ಬರೋದನ್ನ ತೆಗೆದುಹಾಕಿದ್ರು, ಉಳಿದಿದ್ದಕ್ಕೆ ತಮ್ಮದೇ ಗುರುತು ಇಟ್ಕೊಂಡ್ರು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಲೆಕ್ಕ ಗೊತ್ತಿರೋರಿಗೆ ಇದರ ಹಿಂದಿನ ಯೋಚನೆ ತಕ್ಷಣ ಹೊಳೆಯತ್ತೆ. ಕಾರ್ಡು, ಅಂದ್ರೆ ಹಲವು ಸ್ವರ ಒಟ್ಟಿಗೆ ನುಡಿಸೋದು, ಅಂದ್ರೂ ಅವರಿಗೆ ಈ ಸ್ವರಕುಟುಂಬದ ಕೆಲವರು ಒಟ್ಟಿಗೆ ನಿಂತಿದ್ದಾರೆ ಅಷ್ಟೇ. ವಾಲ್ಯೂಮ್ ಪೆಡಲ್ ಮುಚ್ಚಿ ತಂತಿ ಮೀಟಿ, ಆಮೇಲೆ ಪೆಡಲ್ ನಿಧಾನಕ್ಕೆ ತೆಗೆದು, ಬೇರೆ ಬೇರೆ ಅಳತೆಯ ಡಿಲೇಗಳ (ಸದ್ದನ್ನ ತಡವಾಗಿ ಮತ್ತೆ ಕೇಳಿಸೋ ಸಾಧನಗಳ) ಮೂಲಕ ಕಳಿಸಿದ್ರೆ ಗಿಟಾರು ಅನ್ನೋ ಸುಳಿವೇ ಇಲ್ದೆ ಒಂದು ಇಡೀ ತಂತಿವಾದ್ಯದ ತಂಡ ದೂರದಿಂದ ಎದ್ದು ಬಂದಂಗೆ ಕೇಳ್ಸತ್ತೆ. ನನ್ನ ಕೇಳಿದ್ರೆ ಅವರ ಅತಿ ದೊಡ್ಡ ಕೊಡುಗೆ ಇದು, ಸೋಲೋ, ಅಂದ್ರೆ ಹಾಡಿನ ನಡುವೆ ಒಬ್ಬರೇ ಮುಂದೆ ಬಂದು ನುಡಿಸೋ ಭಾಗ, ಅಲ್ಲ. ಆದ್ರೆ ಹೊಗಳಿಕೆ ಎಲ್ಲಾ ಹೋಗಿದ್ದು ಸೋಲೋಗೆ.

ಹೋಗೋಕೆ ಕಾರಣನೂ ಇತ್ತು. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1970ರಲ್ಲಿ ಬಿಚಸ್ ಬ್ರೂ ಆಲ್ಬಮ್ ಬಿಟ್ಟ ಮೇಲೆ ಜಾಝ್ ಮತ್ತೆ ರಾಕ್ ಬೆರೆಸೋದು ಒಂದು ಅಲೆನೇ ಆಯ್ತು, 1971ರಲ್ಲಿ ಜಾನ್ ಮೆಕ್‌ಲಾಫ್ಲಿನ್ ಅವರ ಮಹಾವಿಷ್ಣು ಆರ್ಕೆಸ್ಟ್ರಾ ಬಂತು, ಜನಕ್ಕೆ ಗಿಟಾರ್ ವೇಗದ ರುಚಿ ಹತ್ತಿತು. ಆ ದಶಕದಲ್ಲಿ ಹೋಲ್ಡ್ಸ್‌ವರ್ತ್ ನ್ಯೂಕ್ಲಿಯಸ್, ಟೆಂಪೆಸ್ಟ್, ಸಾಫ್ಟ್ ಮಷೀನ್, ಟೋನಿ ವಿಲಿಯಮ್ಸ್ ಅವರ ನ್ಯೂ ಲೈಫ್‌ಟೈಮ್, ಗಾಂಗ್, ಜಾನ್-ಲುಕ್ ಪಾಂಟಿ, ಯುಕೆ, ಬ್ರೂಫೋರ್ಡ್ ಅಂತ ಒಂದಾದ ಮೇಲೊಂದು ತಂಡ ದಾಟ್ಕೊಂಡು ಹೋದ್ರು. ಎಲ್ಲಾ ಕಡೆ ಅವರು ಬೇರೆಯವರ ಹಾಡಲ್ಲಿ ಒಂದೆರಡು ನಿಮಿಷ ಬಂದು ಸೋಲೋ ನುಡಿಸೋ ಅತಿಥಿ ಥರ. ಸಾಫ್ಟ್ ಮಷೀನ್‌ನ 1975ರ ಬಂಡಲ್ಸ್, ಅದೇ ವರ್ಷದ ಟೋನಿ ವಿಲಿಯಮ್ಸ್ ಆಲ್ಬಮ್ ಬಿಲೀವ್ ಇಟ್, 1978ರ ಯುಕೆ ಆಲ್ಬಮ್‌ನ ಇನ್ ದ ಡೆಡ್ ಆಫ್ ನೈಟ್, ಇವನ್ನ ಕೇಳಿದವರು ಆ ಸೋಲೋ ಬರೋ ಜಾಗಕ್ಕೆ ಸೂಜಿ ಇಟ್ಟು ಇಟ್ಟು ಕೇಳಿದ್ರು. ಅಭಿಮಾನ ಹುಟ್ಟಿದ್ದೇ ಹೀಗೆ ತುಂಡು ತುಂಡಾಗಿ. ಪೂರ್ತಿ ಸಂಗೀತಗಾರನಾಗಿ ಅವರು ಜನರ ಮುಂದೆ ಬರೋ ಹೊತ್ತಿಗೆ ಜನ ಆಗ್ಲೇ ಅವರನ್ನ ಸೋಲೋ ಯಂತ್ರ ಅಂತ ತೀರ್ಮಾನ ಮಾಡಿ ಆಗಿತ್ತು.

ಯುಕೆ ತಂಡದಲ್ಲೇ ಇದರ ಬಿಸಿ ಗೊತ್ತಾಗಿತ್ತು. ಸ್ಟೇಜ್ ಮೇಲೆ ರೆಕಾರ್ಡಲ್ಲಿ ಇದ್ದ ಸೋಲೋನೇ ಬರ್ಲಿ ಅನ್ನೋದು ತಂಡದ ಕೆಲವರ ಆಸೆ, ಪ್ರತಿ ರಾತ್ರಿ ಬೇರೆ ನುಡಿಸೋದು ಇವರ ಸ್ವಭಾವ. ಎರಡೂ ಕಡೆ ತಪ್ಪಿಲ್ಲ, ಆದ್ರೆ ಜೊತೆಗೆ ಬಾಳೋಕೆ ಆಗಲ್ಲ.

ಇದೇ ಕಾಲದ ಇನ್ನೊಂದು ಗಾಯ 1976ರ ವೆಲ್ವೆಟ್ ಡಾರ್ಕ್‌ನೆಸ್. ಅವರ ಹೆಸರಲ್ಲಿ ಬಂದ ಮೊದಲ ಆಲ್ಬಮ್. ರಿಹರ್ಸಲ್ ನುಡಿಸ್ತಿದ್ದಾಗ ಟೇಪ್ ಓಡ್ತಿತ್ತು, ಅದನ್ನೇ ರೆಕಾರ್ಡ್ ಮಾಡಿ ಬಿಟ್ರು ಅನ್ನೋದು ಅವರು ಕೊನೆವರೆಗೂ ಹೇಳಿಕೊಂಡ ನೋವು, ಅದು ಮತ್ತೆ ಅಂಗಡಿಗೆ ಬರೋದು ಅವರಿಗೆ ಬಿಲ್‌ಕುಲ್ ಇಷ್ಟ ಇರ್ಲಿಲ್ಲ. ಅಭಿಮಾನಿಗಳು ಇಲ್ಲಿ ಎರಡು ಪಾಲಾದ್ರು. ಕಲಾವಿದರು ಬೇಡ ಅಂದದ್ದನ್ನ ಹುಡುಕಿ ತಂದು ಕೇಳೋದು ಪ್ರೀತಿನಾ, ಅವಮಾನನಾ? ಆ ಆಲ್ಬಮ್‌ನಲ್ಲಿ ಒಳ್ಳೆ ಕ್ಷಣಗಳು ಇವೆ ಅನ್ನೋದು ಸುಳ್ಳಲ್ಲ. ಆದ್ರೂ ಮೊದಲ ಸಲ ಕೇಳೋರಿಗೆ ಅದನ್ನ ಕೊಡೋರನ್ನ ಕಂಡ್ರೆ ನನಗೆ ಬೇಜಾರಾಗತ್ತೆ.

ಈಗ ಬರೋದು ಈ ಕತೆಯ ನಡುಮನೆ, 1982ರಿಂದ 1985. ಬ್ರಿಟನ್‌ನಲ್ಲಿ ಆ ಹೊತ್ತಿಗೆ ಪಂಕು, ನ್ಯೂ ವೇವು ಅನ್ನೋ ರಾಕ್ ಶೈಲಿಗಳದ್ದೇ ಗಾಳಿ, ಫ್ಯೂಷನ್ ಥರದ ಸಂಗೀತಕ್ಕೆ ಕೇಳೋರಿಲ್ಲ, ಕಂಪನಿಗಳಿಗೆ ಆಸಕ್ತಿ ಇಲ್ಲ. ಹೋಲ್ಡ್ಸ್‌ವರ್ತ್, ಡ್ರಮ್ಸ್‌ಗೆ ಗ್ಯಾರಿ ಹಸ್ಬೆಂಡ್, ಬೇಸ್‌ಗೆ ಪಾಲ್ ಕಾರ್ಮೈಕಲ್, ಹಾಡೋಕೆ ಪಾಲ್ ವಿಲಿಯಮ್ಸ್, ಇವರೆಲ್ಲ ಸೇರಿ ಮಾಡಿದ ಐಒಯು ಆಲ್ಬಮ್ಮನ್ನ ಕೊನೆಗೆ ತಾವೇ 1982ರಲ್ಲಿ ಬಿಡುಗಡೆ ಮಾಡಿದ್ರು. ಅದನ್ನ ಈಗ ಕೇಳಿದ್ರೂ ಗೊತ್ತಾಗತ್ತೆ, ಹತ್ತು ವರ್ಷ ಬೇರೆಯವರ ಮನೆಲಿ ಬಾಡಿಗೆಗೆ ಇದ್ದೋರು ಮೊದಲ ಸಲ ಸ್ವಂತ ಬಾಗಿಲು ತೆಗೆದಂಗೆ ಇದೆ. ಅದ್ರಲ್ಲಿ ಸೋಲೋಗಳಿಗಿಂತ ಹಾಡಿನ ಕೆಳಗೆ ಹರಿಯೋ ಕಾರ್ಡುಗಳನ್ನ ಗಮನ ಇಟ್ಟು ಕೇಳಿ.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ಡಿ ವ್ಯಾನ್ ಹೇಲನ್ ಇವರ ದೊಡ್ಡ ಅಭಿಮಾನಿ. ಆ ಕಾಲಕ್ಕೆ ರಾಕ್ ಗಿಟಾರ್ ಅಂದ್ರೇನೇ ವ್ಯಾನ್ ಹೇಲನ್, ಅಂಥವರು ಎಲ್ಲಾ ಕಡೆ ಇವರ ಹೆಸರು ಹೇಳ್ಕೊಂಡು ಓಡಾಡಿದ್ರಿಂದ ವಾರ್ನರ್ ಬ್ರದರ್ಸ್ ಜೊತೆ ಒಪ್ಪಂದ ಆಯ್ತು. ಅಭಿಮಾನ ಅನ್ನೋದು ಬಾಯಿಮಾತು ದಾಟಿ ಅವರಿಗೆ ಬಾಗಿಲು ತೆಗೆಸಿದ್ದು ಇಲ್ಲಿ. ಬಾಗಿಲ ಆಚೆ ಏನಾಯ್ತು ಅನ್ನೋದ್ರ ಬಗ್ಗೆ ಇವತ್ತಿಗೂ ಕಿತ್ತಾಟ ಇದೆ. ಯಾರು ಹಾಡ್ಬೇಕು, ಹೇಗೆ ರೆಕಾರ್ಡ್ ಆಗ್ಬೇಕು, ಯಾವುದಕ್ಕೆ ಯಾರ ಒಪ್ಪಿಗೆ ಬೇಕು, ಪ್ರತಿಯೊಂದಕ್ಕೂ ಎಳೆದಾಟ. ದೊಡ್ಡ ಕಂಪನಿಗೆ ಒಂದು ರೂಢಿ ಇರತ್ತೆ, ರೇಡಿಯೋಗೆ ಏನು ಹೋಗತ್ತೆ ಅನ್ನೋ ಅಂದಾಜು ಇರತ್ತೆ. ಇವರಿಗೆ ತಮ್ಮ ಗಾಯಕ ಪಾಲ್ ವಿಲಿಯಮ್ಸ್ ಬೇಕು, ತಮ್ಮ ಮಿಕ್ಸ್ ಬೇಕು. ಕೊನೆಗೆ 1983ರಲ್ಲಿ ರೋಡ್ ಗೇಮ್ಸ್ ಬಂದದ್ದು ಪೂರ್ತಿ ಆಲ್ಬಮ್ ಆಗಿ ಅಲ್ಲ, ಆರು ಹಾಡಿನ ಇಪಿ ಆಗಿ, ಅಂದ್ರೆ ಆಲ್ಬಮ್‌ಗಿಂತ ಚಿಕ್ಕ ರೆಕಾರ್ಡ್ ಆಗಿ, ಅರ್ಧ ಗಂಟೆನೂ ಇಲ್ಲ. ಬೇಸ್‌ನಲ್ಲಿ ಜೆಫ್ ಬರ್ಲಿನ್, ಡ್ರಮ್ಸ್‌ನಲ್ಲಿ ಚ್ಯಾಡ್ ವ್ಯಾಕರ್‌ಮನ್, ಎರಡು ಹಾಡಿಗೆ ಕ್ರೀಮ್ ತಂಡದ ಜ್ಯಾಕ್ ಬ್ರೂಸ್ ದನಿ. ಅದಕ್ಕೆ ಗ್ರ್ಯಾಮಿ ನಾಮನಿರ್ದೇಶನನೂ ಸಿಕ್ತು. ಅವರಿಗೆ ಮಾತ್ರ ಆ ರೆಕಾರ್ಡ್ ಬಗ್ಗೆ ಸಮಾಧಾನ ಇರ್ಲಿಲ್ಲ, ಕಂಪನಿ ಜೊತೆಗಿನ ನಂಟೂ ಅಲ್ಲಿಗೇ ಮುಗೀತು.

ಇದನ್ನ ಅಭಿಮಾನಿಗಳು ಒಳ್ಳೆಯವರು ಕೆಟ್ಟವರ ಕತೆ ಥರ ಹೇಳ್ತಾರೆ. ಅಷ್ಟು ಸರಳ ಇಲ್ಲ. ಯಾರೂ ಬೇಕಂತ ಅವರಿಗೆ ಕೇಡು ಬಗೆದಂಗೆ ಕಾಣಲ್ಲ, ಅವರ ಸಂಗೀತಕ್ಕೆ ಇದ್ದ ಅಳತೆಗೂ ಆ ವ್ಯವಸ್ಥೆಲಿ ಇದ್ದ ಅಳತೆಗೂ ತಾಳ ಬೀಳ್ಲಿಲ್ಲ. ಜೊತೆಗೆ ನಾವು ಕೇಳೋರೂ ಆ ವ್ಯವಸ್ಥೆ ಒಳಗೇ ಇದ್ವಿ. ಗಿಟಾರ್ ಪತ್ರಿಕೆಗಳು ಅವರ ಬೆರಳಿನ ಫೋಟೋ ಹಾಕಿದ್ವು, ಸೋಲೋ ಬರೆದು ಅಚ್ಚು ಹಾಕಿದ್ವು, ಓದಿದವರು ಮುಂದಿನ ಸಾಲಲ್ಲಿ ಕೂತು ಅವರ ಎಡಗೈನೇ ದಿಟ್ಟಿಸಿದ್ರು. ಕೂತಿದ್ದೋರು ಬಹುಪಾಲು ಗಿಟಾರಿಸ್ಟ್‌ಗಳೇ. ಗಿಟಾರ್ ಹಿಡಿಯದೇ ಇರೋ ಕೇಳುಗರಿಗೆ ಇದು ನಮಗಲ್ಲ ಅನ್ಸಿಬಿಡ್ತು, ಸಂಗೀತಗಾರರ ಸಂಗೀತಗಾರ ಅನ್ನೋ ಬಿರುದು ಎಷ್ಟು ದೊಡ್ಡದು ಅನ್ಸತ್ತೋ ಅಷ್ಟೇ ಜನರನ್ನ ಆಚೆ ನಿಲ್ಸತ್ತೆ.

1985ರಲ್ಲಿ ಮೆಟಲ್ ಫಟೀಗ್ ಬಂತು, ಡೆವಿಲ್ ಟೇಕ್ ದ ಹೈಂಡ್‌ಮೋಸ್ಟ್‌ನ ಸೋಲೋ ಇವತ್ತಿಗೂ ಕಲಿಯೋರಿಗೆ ಒಂದು ಬೆಟ್ಟ. ಅದೇ ಆಲ್ಬಮ್‌ನ ಎರಡನೇ ಬದಿಲಿ ಹದಿನಾಲ್ಕು ನಿಮಿಷದ ದಿ ಅನ್-ಮೆರ್ರಿ-ಗೋ-ರೌಂಡ್ ಇದೆ, ಅದರ ಬಗ್ಗೆ ಮಾತಾಡೋರು ಕಮ್ಮಿ.

ಆಮೇಲೆ 1986ರ ಅಟಾವಕ್ರಾನ್ ಆಲ್ಬಮ್, ಅಲ್ಲಿಂದ ಸಿಂಥ್ಯಾಕ್ಸ್ ಅನ್ನೋ ವಾದ್ಯ ಶುರು. ನೋಡೋಕೆ ಗಿಟಾರ್ ಥರ ಇದ್ರೂ ಇದಕ್ಕೆ ಸ್ವಂತ ದನಿ ಇಲ್ಲ. ಎಡಗೈಗೆ ಒಂದು ಸಾಲು ತಂತಿ, ಬಲಗೈಗೆ ಇನ್ನೊಂದು ಸಾಲು ತಂತಿ, ಎರಡೂ ಬರೀ ಸಂಜ್ಞೆ ಕಳಿಸ್ತವೆ, ಶಬ್ದ ಬರೋದು ಜೋಡಿಸಿರೋ ಸಿಂಥಸೈಜರ್‌ನಿಂದ. ಹೋಲ್ಡ್ಸ್‌ವರ್ತ್ ಅದಕ್ಕೆ ಬಾಯಲ್ಲಿ ಹಿಡಿಯೋ ಒಂದು ಕೊಳವೆ ಸೇರಿಸ್ಕೊಂಡ್ರು, ಊದೋದರ ಮೇಲೆ ಸ್ವರದ ಏರಿಳಿತ. ಗಿಟಾರ್ ಅಭಿಮಾನಿಗಳಿಗೆ ಎದೆ ಒಡೀತು. ನಮ್ಮ ಹೀರೋ ಗಿಟಾರ್ ಬಿಟ್ಟು ಇದೇನು ಹಿಡ್ಕೊಂಡ್ರು, ಇದು ಕೀಬೋರ್ಡ್ ಥರ ಇದೆ, ಅಂತ. ಅವರಿಗೆ ನಾನು ಕೇಳೋದು ಇಷ್ಟೇ, ಸ್ಯಾಕ್ಸೋಫೋನ್ ಬೇಕು ಅಂದಿದ್ದ ಬ್ರಾಡ್‌ಫರ್ಡ್ ಹುಡುಗನಿಗೆ ನಲವತ್ತನೇ ವಯಸ್ಸಲ್ಲಿ ಕೊನೆಗೂ ಉಸಿರಿಂದ ನುಡಿಸೋ ವಾದ್ಯ ಸಿಕ್ಕಿದೆ, ಅವರು ಬಿಡ್ತಾರಾ? 1987ರ ಸ್ಯಾಂಡ್ ಆಲ್ಬಮ್ಮನ್ನ ಒಮ್ಮೆ ಹೀಗೆ ಅಂದ್ಕೊಂಡು ಕೇಳಿ. ದುಬಾರಿ ವಾದ್ಯ, ತಯಾರಾದದ್ದೂ ಲೆಕ್ಕದ ಪೀಸು, ಕಂಪನಿನೂ ಜಾಸ್ತಿ ದಿನ ಬಾಳ್ಲಿಲ್ಲ, ಆದ್ರೂ ಇವರು 2001ರ ಫ್ಲಾಟ್ ಟೈರ್ ಆಲ್ಬಮ್ ತನಕ ಅದನ್ನ ಕೈ ಬಿಡ್ಲಿಲ್ಲ.

ತೊಂಬತ್ತರ ದಶಕದ್ದು ಚಿಕ್ಕದಾಗಿ: ವಾರ್ಡನ್‌ಕ್ಲಿಫ್ ಟವರ್, ಹಾರ್ಡ್ ಹ್ಯಾಟ್ ಏರಿಯಾ, ನನ್ ಟೂ ಸೂನ್ ಆಲ್ಬಮ್‌ಗಳು, ಕ್ಯಾಲಿಫೋರ್ನಿಯಾದ ಮನೆ ಸ್ಟುಡಿಯೋ, ಟೂರು, 2000ದಲ್ಲಿ ದ ಸಿಕ್ಸ್‌ಟೀನ್ ಮೆನ್ ಆಫ್ ಟೇನ್ ಆಲ್ಬಮ್. ಅಷ್ಟರಲ್ಲಿ ಅವರ ಪ್ರಭಾವ ಯಾರೂ ಊಹಿಸದ ಕಡೆ ಮೊಳೆತಿತ್ತು. ಸ್ವೀಡನ್ನಿನ ಮೆಟಲ್ ತಂಡ ಮೆಷುಗ್ಗಾದ ಫ್ರೆಡ್ರಿಕ್ ಥೊರ್ಡೆಂಡಾಲ್ ಅವರ ಸೋಲೋ ಕೇಳಿ, ಮತ್ತೆ ಮತ್ತೆ ಬರೋ ಭಯಂಕರ ಗಿಟಾರ್ ತುಣುಕುಗಳ (ರಿಫ್) ನಡುವೆ ಇದ್ದಕ್ಕಿದ್ದಂಗೆ ಹೋಲ್ಡ್ಸ್‌ವರ್ತ್ ಥರದ ನುಣುಪು ಗೆರೆ ಹಾದುಹೋಗತ್ತೆ. ಇಂಟರ್ನೆಟ್ಟಲ್ಲಿ ವಿಡಿಯೋ ಬಂದ ಮೇಲೆ ಹೊಸ ಪೀಳಿಗೆ ಬಂತು, ಒಳ್ಳೇದೇ ಆಯ್ತು, ಆದ್ರೆ ಮೂವತ್ತು ಸೆಕೆಂಡಿನ ತುಣುಕಲ್ಲಿ ಮತ್ತೆ ಅದೇ ವೇಗ, ಅದೇ ಎಡಗೈ. ಭಾವನೆ ಇಲ್ಲ ಅನ್ನೋ ದೂರು ಹುಟ್ಟೋದೂ ಇಂಥ ತುಣುಕಿಂದನೇ ಅಂತ ನನಗನ್ಸತ್ತೆ, ಹಾಡಿನಿಂದ ಕಿತ್ತು ತಂದ ಸೋಲೋಲಿ ಹಾಡಿನ ದುಃಖ ಎಲ್ಲಿಂದ ಬರ್ಬೇಕು.

ಇಷ್ಟೆಲ್ಲಾ ಹೊಗಳಿಸ್ಕೊಂಡ ಮನುಷ್ಯನಿಗೆ ತಮ್ಮ ನುಡಿಸಿಕೆ ಯಾವತ್ತೂ ಹಿಡಿಸ್ತಿರ್ಲಿಲ್ಲ. ಕಾರ್ಯಕ್ರಮ ಮುಗಿಸಿ ಬಂದವರಿಗೆ ಚೆನ್ನಾಗಿತ್ತು ಅಂದ್ರೆ ಇಲ್ಲ ಕೆಟ್ಟದಾಗಿತ್ತು ಅನ್ನೋರು, ಅದು ವಿನಯದ ಮಾತಲ್ಲ, ನಿಜವಾಗ್ಲೂ ಹಾಗೇ ಅನ್ಸ್ತಿತ್ತು. ಹಣಕಾಸಿನ ನೆಮ್ಮದಿನೂ ಇರ್ಲಿಲ್ಲ. 2017ರ ಏಪ್ರಿಲ್‌ನಲ್ಲಿ ಅವರ ಸ್ವಂತ ಹೆಸರಿನ ಆಲ್ಬಮ್‌ಗಳನ್ನ ಒಟ್ಟು ಸೇರಿಸಿ 12 ಸಿಡಿಗಳ ದೊಡ್ಡ ಸೆಟ್ ಬಂತು, ಗಿಟಾರನ್ನ ಶಾಶ್ವತವಾಗಿ ಬದಲಾಯಿಸಿದ ಮನುಷ್ಯ ಅನ್ನೋ ಅರ್ಥದ ಹೆಸರಿಟ್ಟು. ಅದಾಗಿ ಕೆಲವೇ ದಿನಕ್ಕೆ, ಏಪ್ರಿಲ್ 15ಕ್ಕೆ, ಕ್ಯಾಲಿಫೋರ್ನಿಯಾದ ವಿಸ್ಟಾದಲ್ಲಿ ಅವರು ತೀರಿಕೊಂಡ್ರು. 70 ವರ್ಷ. ಅಂತ್ಯಕ್ರಿಯೆ ಖರ್ಚಿಗೆ ಆನ್‌ಲೈನಲ್ಲಿ ದೇಣಿಗೆ ಕೇಳಿದಾಗ 20 ಸಾವಿರ ಡಾಲರ್ ಗುರಿ ಇದ್ದದ್ದು 1 ಲಕ್ಷ ದಾಟಿತು. ಆಗ ಶುರುವಾದ ಜಗಳ ಇನ್ನೂ ನಿಂತಿಲ್ಲ. ಇಷ್ಟು ಪ್ರೀತಿ ಇದ್ದೋರು ಬದುಕಿದ್ದಾಗ ಎಲ್ಲಿದ್ರು ಅಂತ ಕೆಲವರು, ಕಾಪಿ ಮಾಡಿ ಹಂಚಿದ ರೆಕಾರ್ಡಿಂಗ್‌ಗಳಿಂದಲೇ ಅವರ ಹೆಸರು ಉಳೀತು ಅಂತ ಕೆಲವರು. ಎರಡೂ ಮಾತಲ್ಲಿ ನಿಜ ಇದೆ. ನನಗೆ ಆ ದುಡ್ಡು ಕೊಟ್ಟವರ ಮೇಲೆ ಗೌರವ ಇದೆ, ಆದ್ರೆ ಅದೇ ದುಡ್ಡು ಹತ್ತು ವರ್ಷ ಮುಂಚೆ ಟಿಕೆಟ್ಟು, ಸಿಡಿ ರೂಪದಲ್ಲಿ ಹೋಗಿದ್ರೆ ಇನ್ನೆರಡು ಆಲ್ಬಮ್ ಬರ್ತಿತ್ತಾ ಅನ್ನೋ ಯೋಚನೆ ಬಿಡಲ್ಲ, ಯಾಕಂದ್ರೆ 2001ರ ನಂತರ ಹೊಸ ಸ್ಟುಡಿಯೋ ಆಲ್ಬಮ್ ಅಂತ ಅವರಿಂದ ಪೂರ್ತಿಯಾಗಿ ಬಂದಿಲ್ಲ.

ಈಗಿನ ಜಗಳ ಲೈವ್ ರೆಕಾರ್ಡಿಂಗ್‌ಗಳದ್ದು. ಅವರು ಹೋದ ಮೇಲೆ ವಾರ್ಸಾ, ಫ್ರಾಂಕ್‌ಫರ್ಟ್, ಲೆವರ್‌ಕೂಸನ್‌ನ ಹಳೇ ಕಾರ್ಯಕ್ರಮಗಳು ಅಧಿಕೃತವಾಗಿ ಹೊರಬಂದಿವೆ. ತಮ್ಮ ಒಂದೊಂದು ಸ್ವರಕ್ಕೂ ತಕರಾರು ತೆಗೀತಿದ್ದವರು ಇದನ್ನ ಒಪ್ತಿದ್ರಾ ಅಂತ ಕೇಳೋರಿದ್ದಾರೆ, ವೆಲ್ವೆಟ್ ಡಾರ್ಕ್‌ನೆಸ್ ನೆನಪು ಇನ್ನೂ ಮಾಸಿಲ್ಲ. ನನ್ನ ಪ್ರಕಾರ ಎರಡಕ್ಕೂ ವ್ಯತ್ಯಾಸ ಇದೆ, ಅದು ರಿಹರ್ಸಲ್ ಆಗಿತ್ತು, ಇದು ಟಿಕೆಟ್ ತಗೊಂಡು ಬಂದ ಜನರ ಮುಂದೆ ಅವರೇ ನುಡಿಸಿದ್ದು, ಮತ್ತೆ ಕದ್ದು ರೆಕಾರ್ಡ್ ಮಾಡಿದ ಟೇಪುಗಳ ಬದಲು ಹೀಗೆ ಬಂದ್ರೆ ಸಲ್ಲಬೇಕಾದವರಿಗೆ ಒಂದಿಷ್ಟಾದ್ರೂ ಸಲ್ಲತ್ತೆ. ಫ್ರಾಂಕ್‌ಫರ್ಟ್‌ನದ್ದು 1986ರದ್ದು, ಸಿಂಥ್ಯಾಕ್ಸ್ ಕಾಲದ್ದು. ಆ ವಾದ್ಯ ಹಿಡಿದದ್ದಕ್ಕೆ ಇನ್ನೂ ಮುನಿಸ್ಕೊಂಡಿರೋರು ಶುರು ಮಾಡ್ಬೇಕಾದ್ದು ಅಲ್ಲಿಂದಲೇ.