ಪದ ಪರಿಚಯ: ‘ಗ್ರಾಜುಯೇಟ್’ ಇಂಟೀರಿಯರ್ ಡಿಸೈನ್

ನಮ್ಮ ಕಡೆ ಗ್ರಾಜುಯೇಟ್ ಅಂದರೆ ಡಿಗ್ರಿ ಮುಗಿಸಿದವರು. ಅಮೆರಿಕದವರು ‘ಗ್ರಾಜುಯೇಟ್ ಸ್ಕೂಲ್’ ಅನ್ನುವುದು ಡಿಗ್ರಿ ಆದಮೇಲಿನ ಓದಿಗೆ, ಅಂದರೆ ನಾವು ಪಿಜಿ ಅನ್ನುವುದಕ್ಕೆ. ಕಲಬುರಗಿಯಲ್ಲಿ ನಮ್ಮ ಅಣ್ಣನ ಮಗಳು ಇಂಟೀರಿಯರ್ ಡಿಸೈನ್ ಓದಲು ಕಾಲೇಜು ಹುಡುಕುವಾಗ ಮನೆಮಂದಿ ಮೊದಲು ಎಡವಿದ್ದು ಇಲ್ಲೇ. ‘ಗ್ರಾಜುಯೇಟ್ ಆಗ್ಯಾಳಲ್ಲ, ಮತ್ತೊಮ್ಮೆ ಯಾಕ?’ ಅಂತ ಅಣ್ಣನ ತಕರಾರು.

ಎರಡನೇ ತಕರಾರು ಪಕ್ಕದ ಮನೆ ಕಾಕಿಯದು. ‘ಗ್ವಾಡಿಗಿ ಬಣ್ಣ ಹಚ್ಚಲಾಕ, ಪರದಾ ಹಾಕಲಾಕ ಎರಡು ವರ್ಷ ಓದಬೇಕೇನವ್ವಾ?’

ಕಾಕಿ ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಬಣ್ಣ, ಪರದೆ, ಸೋಫಾ ಹೊಂದಿಸುವುದು ಅಲಂಕಾರ. ಇಂಟೀರಿಯರ್ ಡಿಸೈನ್ ಅದಕ್ಕೂ ಮುಂಚೆ ಶುರುವಾಗುತ್ತದೆ. ಬಾಗಿಲು ಯಾವ ಕಡೆ ತೆರೆಯಬೇಕು? ಒಲೆಯಿಂದ ಸಿಂಕ್‌ಗೆ ಎಷ್ಟು ಹೆಜ್ಜೆ? ಮೊಣಕಾಲು ನೋವಿನ ಅಜ್ಜಿ ಬಚ್ಚಲಲ್ಲಿ ಏನನ್ನು ಹಿಡಿದು ಏಳಬೇಕು? ಇವೆಲ್ಲ ತೀರ್ಮಾನವಾದ ಮೇಲೆ ಬಣ್ಣದ ಮಾತು.

ಕನ್ನಡದಲ್ಲಿ ಇದಕ್ಕೆ ‘ಒಳಾಂಗಣ ವಿನ್ಯಾಸ’ ಅನ್ನುತ್ತೇವೆ. ಪದ ಬಿಡಿಸಿದರೆ ಒಳ ಮತ್ತು ಅಂಗಣ. ಅಂಗಣ ಅಂದರೆ ಅಂಗಳ, ಆಕಾಶ ಕಾಣುವ ಜಾಗ. ಹಳೇ ವಾಡೆಗಳ ನಡುವೆ ಇರುತ್ತದಲ್ಲ, ಅದು. ಈಗ ನೋಡಿದರೆ ನಾಲ್ಕು ಗೋಡೆ, ಮೇಲೊಂದು ಸ್ಲ್ಯಾಬ್ ಇರುವ ಕೋಣೆಯೂ ಒಳಾಂಗಣವೇ. ‘ಒಳಾಂಗಣ ಕ್ರೀಡಾಂಗಣ’ ಅಂತೂ ಇನ್ನೂ ಮಜಾ, ಎರಡೆರಡು ಅಂಗಣ ಇದ್ದರೂ ಆಕಾಶ ಕಾಣಲ್ಲ.

ಅಂಗಳವನ್ನೇ ಒಳಗೆ ಸೇರಿಸಿಕೊಂಡ ಕಟ್ಟಡ ನಮ್ಮೂರಲ್ಲೇ ಇದೆ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ, 1367ರದ್ದು. ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ಬಯಲು ಅಂಗಳ ಇಲ್ಲಿಲ್ಲ. ಇಡೀ ಜಾಗದ ಮೇಲೆ ಗುಮ್ಮಟಗಳ ಚಾವಣಿ. ಬೆಳಕು ಬರುವುದು ಬದಿಯ ಕಮಾನುಗಳಿಂದ. ಹುಡುಗಿ ಒಂದು ದಿನ ಅಲ್ಲಿ ಪುಸ್ತಕ, ಪೆನ್ಸಿಲ್ ಹಿಡಿದು ಕೂತಳು. ಗಂಟೆಗೊಮ್ಮೆ ಬೆಳಕು ಯಾವ ಕಂಬದವರೆಗೆ ಬಂತು ಅಂತ ಗೆರೆ ಹಾಕಿದಳು. ಪಿಜಿ ಪ್ರವೇಶಕ್ಕೆ ಕೇಳುವ ಪೋರ್ಟ್‌ಫೋಲಿಯೋಗೆ, ಅಂದರೆ ತಾನು ಮಾಡಿದ ಕೆಲಸಗಳ ಕಟ್ಟಿಗೆ, ಅದೇ ಮೊದಲ ಹಾಳೆ ಆಯಿತು.

ಡಿಗ್ರಿಗೂ ಪಿಜಿಗೂ ಇರುವ ವ್ಯತ್ಯಾಸ ಆ ಗೆರೆಗಳಲ್ಲೇ ಇದೆ ಅನ್ನಿಸುತ್ತದೆ ನನಗೆ. ಡಿಗ್ರಿಯಲ್ಲಿ ನಕ್ಷೆ ಹಾಕಲು, ಸಾಮಾನು ಆರಿಸಲು ಕಲಿಸುತ್ತಾರೆ. ‘ನೆಲಕ್ಕೆ ಶಹಾಬಾದ್ ಫರಸಿ’ ಅಂತ ಬರೆದರೆ ನಡೆಯುತ್ತದೆ. ಪಿಜಿಯಲ್ಲಿ ಯಾಕೆ ಅಂತ ಕೇಳುತ್ತಾರೆ. ಮಧ್ಯಾಹ್ನ ಫರಸಿಗೆ ನೀರು ಚಿಮುಕಿಸಿ ಮಲಗಿದರೆ ತಂಪು ಯಾಕೆ, ಎಷ್ಟು ಹೊತ್ತು, ಅಳೆದು ತೋರಿಸು ಅನ್ನುತ್ತಾರೆ. ಸ್ಟುಡಿಯೋ ಅನ್ನುವ ತರಗತಿಯಲ್ಲಿ ನಕ್ಷೆಗಳನ್ನು ಗೋಡೆಗೆ ಚುಚ್ಚಿ ನಿಲ್ಲಬೇಕು. ಜ್ಯೂರಿ, ಅಂದರೆ ಕೆಲಸ ಪರೀಕ್ಷಿಸುವ ತಜ್ಞರ ತಂಡ, ಬಂದು ಒಂದೊಂದು ಗೆರೆಗೂ ಲೆಕ್ಕ ಕೇಳುತ್ತದೆ. ಕೊನೆಗೊಂದು ಥೀಸಿಸ್.

ನಮ್ಮ ದೇಶದಲ್ಲಿ ಈ ಓದು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಎಂ.ಡೆಸ್. (ಮಾಸ್ಟರ್ ಆಫ್ ಡಿಸೈನ್), ಎಂ.ಎಸ್ಸಿ., ಎಂ.ಆರ್ಕ್. (ಮಾಸ್ಟರ್ ಆಫ್ ಆರ್ಕಿಟೆಕ್ಚರ್), ಸಾಮಾನ್ಯವಾಗಿ ಎರಡು ವರ್ಷ. ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಫರ್ನಿಚರ್ ಮತ್ತು ಇಂಟೀರಿಯರ್ ಸೇರಿಸಿ ಎಂ.ಡೆಸ್. ಇದೆ. ಎಂ.ಆರ್ಕ್.ಗೆ ಮಾತ್ರ ಬಿ.ಆರ್ಕ್. ಆಗಿರಲೇಬೇಕು. ಇನ್ನೊಂದು ವಿಷಯ: 1972ರ ವಾಸ್ತುಶಿಲ್ಪಿಗಳ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳುವಂತಿಲ್ಲ. ಇಂಟೀರಿಯರ್ ಡಿಸೈನರ್ ಅನ್ನುವ ಹೆಸರಿಗೆ ಆ ಕಾಯ್ದೆಯ ಕಾವಲಿಲ್ಲ. ಪ್ಲೈವುಡ್ ಅಂಗಡಿಯವರೂ ಬೋರ್ಡ್ ಹಾಕಬಹುದು, ಹಾಕುತ್ತಾರೆ ಕೂಡ.

ಅಂಥದ್ದೇ ಒಂದು ಬೋರ್ಡ್ ನಂಬಿ ನಾವು ಪಡಸಾಲೆಗೆ ಪಶ್ಚಿಮದ ಕಡೆ ದೊಡ್ಡ ಗಾಜಿನ ಕಿಟಕಿ ಇಡಿಸಿದ್ದೆವು. ಮೇ ತಿಂಗಳಲ್ಲಿ ನಾಲ್ಕು ಗಂಟೆಗೆ ಅಲ್ಲಿ ಕೂರಲು ಆಗಲ್ಲ. ದಪ್ಪ ಪರದೆ ಹಾಕಿದೆವು, ಉಪಯೋಗವಾಗಲಿಲ್ಲ. ರಜೆಗೆ ಬಂದ ಹುಡುಗಿ ಥರ್ಮಾಮೀಟರ್ ತೂಗುಹಾಕಿ, ಮೂರು ದಿನ ಯಾರು ಎಲ್ಲಿ ಕೂರುತ್ತಾರೆ ಅಂತ ಬರೆದಿಟ್ಟಳು. ಜನ ವಾಸಕ್ಕೆ ಬಂದ ಮೇಲೆ ಹೀಗೆ ನೋಡಿ, ಕೇಳಿ, ಅಳೆಯುವುದಕ್ಕೆ ಡಿಸೈನ್ ಓದುವವರಲ್ಲಿ ‘ಪೋಸ್ಟ್ ಆಕ್ಯುಪೆನ್ಸಿ ಇವ್ಯಾಲ್ಯುಯೇಶನ್’ ಅನ್ನುತ್ತಾರಂತೆ. ಕಾಕಿ ಅದನ್ನು ‘ಚೌಕಾಶಿ’ ಅಂದರು, ನಮ್ಮ ಕಡೆ ಹಾಗಂದರೆ ವಿಚಾರಣೆ.

‘ಇಳಿಬಿಸಿಲು ಓರೆಯಾಗಿ ಬರ್ತದ ಕಾಕಾ, ಮೇಲಿನ ಸಜ್ಜಾ ಅದನ್ನ ತಡೆಯಲ್ಲ’ ಅಂದಳು. ಬಿಸಿಲು ಗಾಜು ದಾಟಿ ಬಂದ ಮೇಲೆ ಪರದೆ ಹಾಕಿ ಏನು ಬಂತು? ಪರದೆ ಕಾಯುತ್ತದೆ, ಆ ಕಾವು ಕೋಣೆಯಲ್ಲೇ ಉಳಿಯುತ್ತದೆ. ತಡೆಯುವುದಾದರೆ ಹೊರಗೇ ತಡೆಯಬೇಕು. ಬಿದಿರಿನ ತಟ್ಟಿ ತಂದು ಕಿಟಕಿಯ ಹೊರಗೆ ಇಳಿಬಿಟ್ಟಳು. ಸಂಜೆ ಹೊತ್ತು ಕಾಕಿ ಈಗ ಆ ಕಿಟಕಿ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಾರೆ. ದುಬಾರಿ ಪರದೆ ಗಾದಿ ಮೇಲಿನ ಹೊದಿಕೆಯಾಗಿದೆ.