ಇಲಿಗೆ ಬರದ ಕಾಯಿಲೆಯನ್ನು ಇಲಿಯಲ್ಲಿ ಪರೀಕ್ಷಿಸುವುದು ಹೇಗೆ?

ಓದುಗರ ಪ್ರಶ್ನೆ: ಸಿಕಲ್ ಸೆಲ್ ಮನುಷ್ಯರ ರಕ್ತದ ಕಾಯಿಲೆ. ಅದರ ಚಿಕಿತ್ಸೆಯನ್ನು ಇಲಿಯಲ್ಲಿ ಹೇಗೆ ಪರೀಕ್ಷೆ ಮಾಡ್ತಾರೆ? ಇಲಿಗೆ ವಾಸಿಯಾದರೆ ನಮಗೂ ವಾಸಿಯಾಗುತ್ತಾ?

ಇಲಿಗೆ ಆ ಕಾಯಿಲೆ ತಾನಾಗಿ ಬರುವುದಿಲ್ಲ. ಹಾಗಾಗಿ ಕಾಯಿಲೆಯ ಜೀನನ್ನೇ ಇಲಿಗೆ ಕೊಡುತ್ತಾರೆ. ವಾಸಿಯಾಗುವ ಮಾತು ಮಾತ್ರ ಅಷ್ಟು ಸಲೀಸಲ್ಲ.

ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್. ಅದರ ಬೀಟಾ ಗ್ಲೋಬಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಆ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಮಗುವಿಗೆ ಬಂತು ಅಂದರೆ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಉದ್ದುದ್ದ ಎಳೆಗಳಾಗುತ್ತದೆ, ದುಂಡಗಿದ್ದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬರುವ ನೋವು ತಡೆಯಲಾಗದಂಥದ್ದು.

ಆ ಜೀನನ್ನು ಸುಮ್ನೆ ಇಲಿಗೆ ಸೇರಿಸಿದರೆ ಆಯಿತಲ್ವಾ? ಮೊದಲು ಹಾಗೇ ಮಾಡಿ ನೋಡಿದರು, ಕಾಯಿಲೆ ಸರಿಯಾಗಿ ಕಾಣಿಸಲಿಲ್ಲ. ಇಲಿಯ ಸ್ವಂತ ಹಿಮೋಗ್ಲೋಬಿನ್ ನಡುವೆ ಸೇರಿಕೊಂಡು ಎಳೆ ಬೆಳೆಯಲು ಬಿಡುತ್ತಿರಲಿಲ್ಲ. ಕೊನೆಗೆ 1997ರಲ್ಲಿ ಅಮೆರಿಕದ ಎರಡು ತಂಡಗಳು, ಒಂದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ, ಇನ್ನೊಂದು ಅಲಬಾಮಾದಲ್ಲಿ, ಇಲಿಯ ಗ್ಲೋಬಿನ್ ಜೀನ್‌ಗಳನ್ನು ಕೆಲಸಕ್ಕೆ ಬಾರದಂತೆ ಮಾಡಿ ಮನುಷ್ಯರ ಜೀನ್‌ಗಳನ್ನು ಕೊಟ್ಟವು. ಹೀಗೆ ಬೆಳೆದ ಇಲಿಯ ಹಿಮೋಗ್ಲೋಬಿನ್ ಪೂರ್ತಿ ಮನುಷ್ಯರದ್ದು. ಅದರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಬಾಗಿದ ಕಣಗಳು ಕಾಣುತ್ತವೆ. ರಕ್ತಹೀನತೆ ಇದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.

ಇದರಿಂದ ಸಿಕ್ಕ ದೊಡ್ಡ ಫಲ 2011ರದ್ದು. ಹೊಟ್ಟೆಯಲ್ಲಿರುವ ಮಗುವಿಗೆ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತದೆ, ಅದು ಎಳೆ ಕಟ್ಟುವುದನ್ನು ತಡೆಯುತ್ತದೆ. ಹುಟ್ಟಿದ ಮೇಲೆ ಅದನ್ನು ನಿಲ್ಲಿಸುವುದರಲ್ಲಿ ಬಿಸಿಎಲ್11ಎ ಎಂಬ ಜೀನಿನದು ದೊಡ್ಡ ಕೈ. ಬಾಸ್ಟನ್ನಿನ ವಿಜ್ಞಾನಿಗಳು ಸಿಕಲ್ ಸೆಲ್ ಇಲಿಗಳ ರಕ್ತದ ಕಣಗಳಲ್ಲಿ ಈ ಜೀನನ್ನು ಬಂದ್ ಮಾಡಿದಾಗ ಕಾಯಿಲೆಯ ಲಕ್ಷಣಗಳು ಹೋದವು. ಅದೇ ದಾರಿಯಲ್ಲಿ ಬಂದ, ಜೀನ್ ತಿದ್ದುವ ಕ್ಯಾಸ್ಜೆವಿ ಎಂಬ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಅಮೆರಿಕ ಪರಿಶೀಲಿಸಿದ ಲೆಕ್ಕದಲ್ಲಿ 31 ರೋಗಿಗಳಲ್ಲಿ 29 ಜನರಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಹೊಡೆತ ಬರಲೇ ಇಲ್ಲ. ಇದು ನಿಜಕ್ಕೂ ಸಂತೋಷಪಡುವ ಸುದ್ದಿ.

ಇಂಥ ಕೆಲಸಕ್ಕೆ ಇನ್ನೊಂದು ಬಗೆಯ ಇಲಿಯೂ ಬೇಕು. ಮನುಷ್ಯರಿಂದ ತೆಗೆದು ಜೀನ್ ತಿದ್ದಿದ ಕಾಂಡಕೋಶಗಳು (ರಕ್ತ ಹುಟ್ಟಿಸುವ ಮೂಲ ಕಣಗಳು) ಮೈಯೊಳಗೆ ಬದುಕುತ್ತವೆಯೇ ಅಂತ ನೋಡಬೇಕು, ಆದರೆ ಸಾಮಾನ್ಯ ಇಲಿಯ ರೋಗನಿರೋಧಕ ವ್ಯವಸ್ಥೆ ಅವನ್ನು ಕೊಂದುಬಿಡುತ್ತದೆ. ಅದಕ್ಕಾಗಿ ಎನ್‌ಎಸ್‌ಜಿ ಎಂಬ ಇಲಿಯಲ್ಲಿ ಹೊರಗಿನದರ ವಿರುದ್ಧ ಹೋರಾಡುವ ಟಿ ಕಣ, ಬಿ ಕಣ ಯಾವುದೂ ಬೆಳೆಯದಂತೆ ಮಾಡಿದ್ದಾರೆ. ಅದರಲ್ಲಿ ಕೆಡಿಸಿರುವ ಐಎಲ್2ಆರ್‌ಜಿ ಜೀನ್ ಕೆಲವು ಗಂಡುಮಕ್ಕಳಲ್ಲಿ ಹುಟ್ಟುವಾಗಲೇ ಕೆಟ್ಟಿರುತ್ತದೆ, ಆ ಮಕ್ಕಳಿಗೆ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ.

ಇಲಿ ನಮ್ಮಂತಲ್ಲ ಅನ್ನುವುದಕ್ಕೆ ಗುಲ್ಮವನ್ನೇ (ಹಳೆಯ ರಕ್ತಕಣಗಳನ್ನು ಸೋಸುವ ಅಂಗ, ಸ್ಪ್ಲೀನ್) ನೋಡಿ. ಸಿಕಲ್ ಸೆಲ್ ಇರುವ ಮಕ್ಕಳಲ್ಲಿ ಅದು ರಕ್ತ ಸಿಗದೆ ಕೆಲವು ವರ್ಷಗಳಲ್ಲೇ ಸುರುಟಿ ಕುಗ್ಗಿಹೋಗುತ್ತದೆ. ಅದೇ ಕಾಯಿಲೆಯ ಇಲಿಯಲ್ಲಿ ಊದಿಕೊಂಡು ದೊಡ್ಡದಾಗುತ್ತದೆ, ಯಾಕೆಂದರೆ ಇಲಿಯ ಗುಲ್ಮ ಬದುಕಿಡೀ ರಕ್ತ ತಯಾರಿಸುತ್ತದೆ. ಹಾಗಾಗಿ ಜೀನ್ ಬಂದ್ ಮಾಡಿದರೆ ಕಣ ಬಾಗುವುದು ನಿಲ್ಲುತ್ತದಾ ಅಂತ ಕೇಳಿದರೆ ಇಲಿ ಒಳ್ಳೆಯ ಉತ್ತರ ಕೊಡುತ್ತದೆ, ಮಗುವಿನ ಗುಲ್ಮ ಉಳಿಯುತ್ತದಾ ಅಂತ ಕೇಳಿದರೆ ಅದರ ಉತ್ತರವನ್ನು ನಾನಂತೂ ನಂಬುವುದಿಲ್ಲ.

ಕ್ಯಾಸ್ಜೆವಿಗೆ ಅಮೆರಿಕದಲ್ಲಿ 22 ಲಕ್ಷ ಡಾಲರ್. ಜೊತೆಗೆ ತಿದ್ದಿದ ಕಣಗಳಿಗೆ ಜಾಗ ಮಾಡಲು ಕೀಮೋ ಕೊಟ್ಟು ಮೂಳೆಮಜ್ಜೆ ಖಾಲಿ ಮಾಡಬೇಕು, ಮಕ್ಕಳಾಗದೇ ಇರುವ ಅಪಾಯವೂ ಇದೆ. ಚಾಮರಾಜನಗರದ ಸೋಲಿಗರಲ್ಲಿ, ಜೇನು ಕುರುಬರಲ್ಲಿ ಈ ಕಾಯಿಲೆ ಇದೆ, ಅವರ ಪೋಡು, ಹಾಡಿಗಳಿಗೆ ಇದು ತಲುಪುವ ಮಾತು ಸದ್ಯಕ್ಕಿಲ್ಲ ಅನ್ನುವುದು ನನ್ನ ನಿಜವಾದ ಸಂಕಟ. ಅವರ ಕೈಗೆಟುಕುವುದು ಹೈಡ್ರಾಕ್ಸಿಯೂರಿಯಾ ಮಾತ್ರೆ. ಅದು ನೋವಿನ ಹೊಡೆತವನ್ನು ಕಡಿಮೆ ಮಾಡುತ್ತದೆ ಅಂತ ಸಾಬೀತಾಗಿದ್ದು 1995ರಲ್ಲಿ, ಈ ಇಲಿಗಳ ವಿಷಯ ಪ್ರಕಟವಾಗುವ ಮೊದಲೇ, ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ 40 ವರ್ಷದವರೆಗಿನವರ ರಕ್ತಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಉಳಿದವರೂ, ಮುಖ್ಯವಾಗಿ ಮದುವೆಗೆ ಮುಂಚೆ, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.