ಯೂನಿಟ್ ಒಂದೇ, ಅಂಕಿ ಬೇರೆ: ಟ್ಯೂಮರ್ ಮಾರ್ಕರ್ ರಿಪೋರ್ಟ್ ಓದುವ ಮುನ್ನ

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಆಪರೇಷನ್ ಆದವರಿಗೆ ಕೆಲವು ತಿಂಗಳಿಗೊಮ್ಮೆ ಸಿಎ 19-9 ಎಂಬ ಟ್ಯೂಮರ್ ಮಾರ್ಕರ್ (ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ವಸ್ತು) ಪರೀಕ್ಷೆ ಮಾಡಿಸುತ್ತಾರೆ. ಕಳೆದ ಸಲ 28 ಇತ್ತು, ಈ ಸಲ 46 ಬಂದಿದೆ ಎಂದುಕೊಳ್ಳಿ. ಮನೆಯವರೆಲ್ಲರ ಎದೆ ಧಸಕ್ಕೆನ್ನುತ್ತದೆ. ಲ್ಯಾಬ್‌ನಲ್ಲಿ ಕೂತ ನಮಗೆ ಮೊದಲು ಏಳುವ ಪ್ರಶ್ನೆಯೇ ಬೇರೆ: ಎರಡೂ ಸಲ ಒಂದೇ ಕಂಪನಿಯ ಕಿಟ್‌ನಲ್ಲಿ ಮಾಡಿದ್ದಾ?

ಗ್ಲೂಕೋಸ್ ಎಲ್ಲರ ರಕ್ತದಲ್ಲೂ ಒಂದೇ ಅಣು. ಸಿಎ 19-9 ಹಾಗಲ್ಲ. ಅದು ದೊಡ್ಡ ದೊಡ್ಡ ಪ್ರೋಟೀನುಗಳ ಮೈಮೇಲೆ ಅಂಟಿಕೊಂಡ ಒಂದು ಸಕ್ಕರೆ ಸರಪಳಿ. ಒಬ್ಬರ ರಕ್ತದಲ್ಲಿ ಅದು ಕೂತ ರೀತಿ ಇನ್ನೊಬ್ಬರಲ್ಲಿ ಇರುವುದಿಲ್ಲ. ಅದನ್ನು ಹಿಡಿಯುವ ಆಂಟಿಬಾಡಿಗಳೂ ಕಿಟ್‌ನಿಂದ ಕಿಟ್‌ಗೆ ಬೇರೆಯಾಗಬಹುದು. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಮಾನಕವೂ (ಎಲ್ಲ ಕಿಟ್‌ಗಳೂ ಅಳತೆ ಹೊಂದಿಸಿಕೊಳ್ಳುವ ಒಂದೇ ಮಾದರಿ) ಇಲ್ಲ, ಅಂಡಾಶಯದ ಕ್ಯಾನ್ಸರ್‌ನಲ್ಲಿ ನೋಡುವ ಸಿಎ 125ಕ್ಕೂ ಇಲ್ಲ. ಹಾಗಾಗಿ ಪ್ರತಿ ತಯಾರಕರೂ ತಮ್ಮದೇ ಮಾಪನದಲ್ಲಿ ಯೂನಿಟ್ ಲೆಕ್ಕ ಹಾಕುತ್ತಾರೆ. ರಿಪೋರ್ಟಿನಲ್ಲಿ ಮಾತ್ರ ಎಲ್ಲವೂ ‘ಯೂನಿಟ್/ಮಿ.ಲೀ.’ ಎಂದೇ ಅಚ್ಚಾಗುತ್ತದೆ.

‘ಹಾಗಾದರೆ ಒಂದು ಕಿಟ್‌ನ ಅಂಕಿಯನ್ನು ಇನ್ನೊಂದಕ್ಕೆ ಗುಣಿಸಿ ತೆಗೆದರಾಯಿತಲ್ಲ?’ ಎಂದು ವೈದ್ಯರೇ ಕೇಳುವುದುಂಟು. ಆಗುವುದಿಲ್ಲ. ಒಬ್ಬ ರೋಗಿಯಲ್ಲಿ ಹೊಸ ಕಿಟ್ ಹೆಚ್ಚು ತೋರಿಸಿದರೆ, ಮತ್ತೊಬ್ಬರಲ್ಲಿ ಕಡಿಮೆ ತೋರಿಸಬಹುದು. ಹಿಂದಿನ ಸಲದ ಸೀರಂ (ರಕ್ತದ ತಿಳಿ ಭಾಗ) ಫ್ರೀಜರ್‌ನಲ್ಲಿ ಉಳಿದಿದ್ದರೆ ಉತ್ತರ ಅಲ್ಲೇ ಸಿಗುತ್ತದೆ: ಹಳೆಯ ಮತ್ತು ಹೊಸ ಸ್ಯಾಂಪಲ್ ಎರಡನ್ನೂ ಒಂದೇ ದಿನ, ಒಂದೇ ಯಂತ್ರದಲ್ಲಿ ಓಡಿಸಬೇಕು. 28 ಎಂದು ಬಂದಿದ್ದ ಹಳೆಯ ಸ್ಯಾಂಪಲ್ ಹೊಸ ಕಿಟ್‌ನಲ್ಲಿ 44 ತೋರಿಸಿತೋ, ಏರಿದ್ದು ಮಾರ್ಕರ್ ಅಲ್ಲ, ಬದಲಾದದ್ದು ಅಳತೆ.

ಮಾನಕ ಇದ್ದಾಗ ಎಷ್ಟು ಲಾಭ, ಎಲ್ಲಿ ತೊಡಕು ಎಂಬುದಕ್ಕೆ ಪ್ರಾಸ್ಟೇಟ್ ಗ್ರಂಥಿಯ ಮಾರ್ಕರ್ ಆದ ಪಿಎಸ್‌ಎ ಒಳ್ಳೆಯ ಉದಾಹರಣೆ. ರಕ್ತದಲ್ಲಿ ಪಿಎಸ್‌ಎ ಬಹುಪಾಲು ಮತ್ತೊಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಸ್ವಲ್ಪ ಬಿಡಿಯಾಗಿರುತ್ತದೆ. ಹಿಂದಿನ ಕೆಲವು ಕಿಟ್‌ಗಳು ಬಿಡಿ ಪಿಎಸ್‌ಎಯನ್ನು ಹೆಚ್ಚಾಗಿ ಎಣಿಸುತ್ತಿದ್ದವು. ಆಮೇಲೆ ಬಂದ 96/670 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಇವೆರಡನ್ನೂ 90:10ರ ಪ್ರಮಾಣದಲ್ಲಿ ಬೆರೆಸಲಾಗಿದೆ. ಅಂತರ ಸಾಕಷ್ಟು ತಗ್ಗಿತು. ಆದರೆ ಈ ಮಾನಕಕ್ಕೆ ಹೊಂದಿಸಿದ ಕಿಟ್‌ಗಳು ಹಳೆಯ ಕ್ಯಾಲಿಬ್ರೇಶನ್‌ಗಿಂತ (ಅಳತೆಯ ಹೊಂದಾಣಿಕೆಗಿಂತ) ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆ ಓದುತ್ತವೆ. ಹಳೆಯ ಲೆಕ್ಕದ 4.0 ಹೊಸದರಲ್ಲಿ 3.2ರ ಆಸುಪಾಸು. ನಾರ್ಮಲ್ ಎನ್ನುವ ಗಡಿಯನ್ನು 4.0ರಲ್ಲೇ ಬಿಟ್ಟರೆ, ಮುಂದಿನ ತಪಾಸಣೆಗೆ ಹೋಗಬೇಕಾದವರು ‘ನಾರ್ಮಲ್’ ಎಂದು ಮನೆಗೆ ಹೋಗಿಬಿಡುತ್ತಾರೆ. ಕ್ಯಾಲಿಬ್ರೇಶನ್ ಬದಲಾದರೆ ಗಡಿಯನ್ನೂ ಮರುಪರಿಶೀಲಿಸಲೇಬೇಕು.

ಹೊರಗಿನ ಸಂಸ್ಥೆ ಸ್ಯಾಂಪಲ್ ಕಳಿಸಿ ನಡೆಸುವ ಬಾಹ್ಯ ಗುಣಮಟ್ಟ ಪರೀಕ್ಷೆಯಲ್ಲಿ ಪಾಸಾಗಿದ್ದೇವೆ ಎಂದು ಲ್ಯಾಬ್‌ನವರು ನೆಮ್ಮದಿಯಾಗಿರುತ್ತಾರೆ. ಆ ಪರೀಕ್ಷೆ ಬೇಕೇ ಬೇಕು. ಆದರೆ ಅಲ್ಲಿ ಸಾಮಾನ್ಯವಾಗಿ ನಮ್ಮನ್ನು ಹೋಲಿಸುವುದು ಅದೇ ಕಿಟ್ ಬಳಸುವ ಇತರ ಲ್ಯಾಬ್‌ಗಳ ಜೊತೆ. ಅಂದರೆ ಕಿಟ್ಟನ್ನು ಸರಿಯಾಗಿ ಬಳಸುತ್ತಿದ್ದೇವೆ ಎಂದು ಗೊತ್ತಾಗುತ್ತದೆಯೇ ಹೊರತು, ಪಕ್ಕದ ಲ್ಯಾಬ್‌ನ ಅಂಕಿಗೆ ನಮ್ಮದು ತಾಳೆಯಾಗುತ್ತದೆ ಎಂದಲ್ಲ. ಸಂಸ್ಕರಿಸಿದ ಕಂಟ್ರೋಲ್ ಸ್ಯಾಂಪಲ್‌ಗಳು ರೋಗಿಯ ಸೀರಂನಂತೆಯೇ ವರ್ತಿಸುತ್ತವೆ ಎಂಬ ಭರವಸೆಯೂ ಇಲ್ಲ.

ಹಾಗಾಗಿ ಪ್ರತಿ ಟ್ಯೂಮರ್ ಮಾರ್ಕರ್ ರಿಪೋರ್ಟಿನಲ್ಲೂ ವಿಧಾನ, ತಯಾರಕರ ಹೆಸರು ಇರಲೇಬೇಕು ಎಂಬುದು ನನ್ನ ಹಟ. ಯಂತ್ರ ಬದಲಿಸುವ ಲ್ಯಾಬ್ ಸ್ವಲ್ಪ ಕಾಲ ಹಳೆಯದು, ಹೊಸದು ಎರಡನ್ನೂ ಜೊತೆಗೇ ನಡೆಸಿ, ಚಿಕಿತ್ಸೆಯಲ್ಲಿರುವವರಿಗೆ ಎರಡೂ ಅಂಕಿ ಕೊಡಬೇಕು. ಖರ್ಚಾಗುತ್ತದೆ, ನಿಜ. ಅನಗತ್ಯ ಸ್ಕ್ಯಾನ್‌ಗೆ, ಅದಕ್ಕಿಂತ ಹೆಚ್ಚಾಗಿ ತಪ್ಪಾಗಿ ಬದಲಾದ ಕೀಮೋಗೆ ಹೋಲಿಸಿದರೆ ಅದೇನೂ ಅಲ್ಲ.

ಮಾನಕದಿಂದ ಬಗೆಹರಿಯದ ತೊಂದರೆಗಳೂ ಇವೆ. ಕೆಲವರ ದೇಹ ಹುಟ್ಟಿನಿಂದಲೇ ಸಿಎ 19-9 ತಯಾರಿಸುವುದಿಲ್ಲ. ಅವರಲ್ಲಿ ಕಡಿಮೆ ಅಂಕಿಗೆ ಅರ್ಥವೇ ಇಲ್ಲ. ಪಿತ್ತನಾಳ ಕಟ್ಟಿಕೊಂಡರೆ ಕ್ಯಾನ್ಸರ್ ಇಲ್ಲದೆಯೂ ಅದು ಏರುತ್ತದೆ. ಗರ್ಭಧಾರಣೆಯಲ್ಲೂ ಕೆಲವು ಕ್ಯಾನ್ಸರ್‌ಗಳಲ್ಲೂ ಏರುವ ಎಚ್‌ಸಿಜಿ ಹಾರ್ಮೋನು ವಿಪರೀತ ಹೆಚ್ಚಿದ್ದಾಗ ಕೆಲವು ಕಿಟ್‌ಗಳು ಉಸಿರುಗಟ್ಟಿ ಕಡಿಮೆ ತೋರಿಸುತ್ತವೆ. ಸ್ಯಾಂಪಲ್ಲನ್ನು ತೆಳುಮಾಡಿ ಓಡಿಸಿದರೆ ನಿಜ ಹೊರಬೀಳುತ್ತದೆ. ಕೂದಲು, ಉಗುರಿಗೆಂದು ನುಂಗುವ ಹೆಚ್ಚಿನ ಡೋಸ್‌ನ ಬಯೋಟಿನ್ ಮಾತ್ರೆಯೂ ಕೆಲವು ಕಿಟ್‌ಗಳನ್ನು ದಾರಿ ತಪ್ಪಿಸುತ್ತದೆ. ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ, ಹಳೆಯ ರಿಪೋರ್ಟುಗಳನ್ನೂ ಜೊತೆಗೆ ತನ್ನಿ.